ಕೀಲಿ ಹಾಕಿದ ಮನೆಯ ಸದ್ದು

ನಾನು ಸೇಡಂನ ಕಾಲೇಜೊಂದರಲ್ಲಿ ಗಣಿತ ಕಲಿಸುವವಳು. ಚಿಂಚೋಳಿ ತಾಲೂಕಿನ ಕೆಲವು ಹಳ್ಳಿಗಳಲ್ಲಿ ಆಗಾಗ ನೆಲದೊಳಗಿಂದ ಗುಡುಗಿದಂತೆ ಸದ್ದು ಬರುತ್ತಿತ್ತು. ಅದು ಎಲ್ಲಿಂದ, ಎಷ್ಟು ಆಳದಿಂದ ಬರುತ್ತದೆಂದು ತಿಳಿಯಲು ನಾನೂ ಚಿತ್ತಾಪುರದ ಭೂವಿಜ್ಞಾನದ ಮಾಸ್ತರರೂ ಸೇರಿ ಕಂಪನ ಅಳೆಯುವ ಪೆಟ್ಟಿಗೆಗಳನ್ನು ಅಲ್ಲಲ್ಲಿ ಹೂತಿದ್ದೆವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಲ್ಲಿ ಒಂದೊಂದು. ಇನ್ನೊಂದು ಸುಲೇಪೇಟದ ಹತ್ತಿರದ ಹಳ್ಳಿಯಲ್ಲಿ, ಬಟ್ಟೆ ಹೊಲಿಯುವ ಅಕ್ಕನೊಬ್ಬಳ ಹಿತ್ತಲಲ್ಲಿ.

ಅಂದಾಜು ಮಾಡಲು ಕಂಪ್ಯೂಟರಿನಲ್ಲಿ ಒಂದು ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳಿಂದ ಕಲಿಯುವ ಲೆಕ್ಕದ ಜಾಲ, ಕಟ್ಟಿದ್ದೆ. ಅದು ಒಂದೇ ಉತ್ತರ ಹೇಳುವುದಿಲ್ಲ. ಸದ್ದು ಹುಟ್ಟಿರಬಹುದಾದ ಜಾಗಗಳಿಗೆಲ್ಲ ನಕ್ಷೆಯ ಮೇಲೆ ಬಣ್ಣ ಬಳಿಯುತ್ತದೆ. ಬಣ್ಣ ಹರಡಿದರೆ ಅದಕ್ಕೆ ಸಂಶಯವಿದೆ ಎಂದರ್ಥ. ಒಂದೆಡೆ ಗಟ್ಟಿಯಾದರೆ ನಂಬಿಕೆ. ಅದಕ್ಕೆ ಕೊಡುವ ದತ್ತಾಂಶವನ್ನು ಹಸನು ಮಾಡುವುದರಲ್ಲೇ ನನ್ನ ಹೆಚ್ಚಿನ ಹೊತ್ತು ಹೋಗುತ್ತಿತ್ತು. ವಾಡಿಯ ಪೆಟ್ಟಿಗೆಯಲ್ಲಿ ರೈಲು, ಶಹಾಬಾದಿನದರಲ್ಲಿ ಕಲ್ಲುಗಣಿಯ ಸಿಡಿತ, ಅವನ್ನು ತೆಗೆಯಬೇಕು. ಅಬ್ಬರಿಸುವ ಪೆಟ್ಟಿಗೆ ಪಿಸುಗುಡುವುದನ್ನು ಮುಚ್ಚಿಹಾಕದಂತೆ, ಪ್ರತಿಯೊಂದರ ಸರಾಸರಿ ಕಳೆದು, ಏರಿಳಿತದಿಂದ ಭಾಗಿಸಿ, ಎಲ್ಲವನ್ನೂ ಒಂದೇ ಅಳತೆಗೆ ತರಬೇಕು.

ಅಕ್ಕನ ಹಿತ್ತಲಿನ ಪೆಟ್ಟಿಗೆಯಲ್ಲಿ ಸಣ್ಣ ಟಕಟಕ ಇರುತ್ತಿತ್ತು. ಹೊಲಿಗೆ ಮಷಿನ್ನಿನದೆಂದು ಅದನ್ನೂ ಸೋಸಿ ಬಿಡುತ್ತಿದ್ದೆ. ಒಂದು ಮಧ್ಯಾಹ್ನ ಅದು ಎಂದಿಗಿಂತ ಹೆಚ್ಚಾಗಿ ಕಂಡಿತು. ಫೋನ್ ಹಚ್ಚಿದೆ.

“ಅಕ್ಕಾ, ಮಷಿನ್ ಭಾಳ ಜೋರ್ ನಡದದಲ್ಲ?”

“ಎಲ್ಲಿ ಮಷಿನ್ರೀ ಮೇಡಂ? ನಾ ಚಿಂಚೋಳಿಗಿ ತವರಮನಿಗಿ ಬಂದು ವಾರ ಆತು. ಇವ್ರೂ ಇಲ್ಲೇ ಅದಾರ. ಮನಿಗಿ ಕೀಲಿ ಹಾಕೀವಿ.”

“ಒಳಗ ಯಾರರ ಇರಬಹುದೇನು?”

“ಯಾರಿರ್ತಾರ? ಯಾಕ್ರೀ?”

ನೋಡಿ ಹೇಳುತ್ತೇನೆಂದು ಫೋನ್ ಇಟ್ಟೆ. ಅಂದಿನ ಸದ್ದನ್ನು ಕಿವಿಗೆ ಕೇಳುವ ವೇಗಕ್ಕೆ ಬದಲಿಸಿ ಹೆಡ್‌ಫೋನ್ ಹಾಕಿಕೊಂಡೆ. ಟಕ್, ಟಕ್. ತಡೆ. ಮತ್ತೆ ಟಕ್, ಟಕ್, ಟಕ್. ಯಾರೋ ಬಟ್ಟೆ ತಿರುಗಿಸಿಕೊಳ್ಳಲು ನಿಂತು, ಮತ್ತೆ ಹೊಲಿಯುತ್ತಿರುವಂತೆ. ಬಿಸಿಲ ಹೊತ್ತಿನಲ್ಲಿ ಮೈಮೇಲೆ ಮುಳ್ಳೆದ್ದವು.

ಸೋಸದೆ ಆ ಸದ್ದನ್ನು ಹಾಗೇ ನೆಟ್‌ವರ್ಕಿಗೆ ಕೊಟ್ಟೆ. ಬಣ್ಣವೆಲ್ಲ ಸರಿದು ಒಂದೇ ಚುಕ್ಕೆಯಾಗಿ ನಿಂತಿತು: ಅಕ್ಕನ ಮನೆಯ ಕೆಳಗೆ, ನೆಲಮಟ್ಟಕ್ಕೆ ತೀರ ಹತ್ತಿರ. ನಾನು ನಂಬಲಿಲ್ಲ. ಅದಕ್ಕೆ ಕಲಿಸಲು ನಾನೇ ಸೃಷ್ಟಿಸಿದ ಕೃತಕ ಸದ್ದುಗಳಲ್ಲಿ ನೆಲಕ್ಕೆ ಇಷ್ಟು ಹತ್ತಿರದವು ಕಡಿಮೆಯಿದ್ದವು. ಅಂಥವನ್ನು ಸೇರಿಸಿ ಮತ್ತೆ ಕಲಿಸಿದೆ. ಚುಕ್ಕೆ ಇನ್ನೂ ಚಿಕ್ಕದಾಯಿತು.

ಮರುದಿನ ಬೆಳಿಗ್ಗೆ ಮಾಸ್ತರರ ಜೊತೆ ಹೋದೆ. ನಾನು ಫೋನಿನಲ್ಲಿ ಕರೆದಿದ್ದರಿಂದ ಅಕ್ಕ ಮತ್ತು ಅವಳ ಗಂಡ ಚಿಂಚೋಳಿಯಿಂದ ಬಂದು ಕೀಲಿ ತೆಗೆದರು. ನಡುಮನೆಯಲ್ಲಿ ಮಷಿನ್ನಿಗೆ ಬಟ್ಟೆ ಹೊದಿಸಿದ್ದು ಹಾಗೇ ಇತ್ತು. ಅದರ ಮೇಲೆ ಧೂಳು. ಮಾಸ್ತರರು ಹೊಸ್ತಿಲಾಚೆ ಕಾಲಿಡದೆ ಬಗ್ಗಿ ನೆಲಕ್ಕೆ ಹಾಸಿದ ಫರ್ಸಿಕಲ್ಲಿಗೆ ಕಿವಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ಎದ್ದರು.

“ಯಾರೂ ಒಳಗ ಹೋಗಬ್ಯಾಡ್ರಿ. ಒಂದು ಹಾರಿ ತರ್ರಿ.”

ಅಕ್ಕನ ಗಂಡ ಕಬ್ಬಿಣದ ಹಾರೆ ತಂದು ಬಾಗಿಲ ಬಳಿಯ ಒಂದು ಕಲ್ಲು ಮೀಟಿದ. ಕೆಳಗೆ ಮಣ್ಣಿರಲಿಲ್ಲ. ಕತ್ತಲಿತ್ತು. ಹಸಿ ಸುಣ್ಣದ ವಾಸನೆಯ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಅಂಚಿನಿಂದ ಒಂದು ಹರಳು ಜಾರಿತು. ಎರಡು ಎಣಿಸುವಷ್ಟು ತಡೆದು ನೀರಿನ ಸದ್ದು ಕೇಳಿಸಿತು.

“ಒಳಗ ಸುಣ್ಣಗಲ್ಲು ಕರಗಿ ಪೊಳ್ಳು ಆಗ್ಯದ,” ಎಂದರು ಮಾಸ್ತರರು. “ಮ್ಯಾಲಿನ ಕಲ್ಲು ಚೂರು ಚೂರು ಉದುರಲಿಕತ್ತದ. ಆ ಟಕಟಕ ಅದರದೇ.”

ಅಕ್ಕ ಮಷಿನ್ನನ್ನೇ ನೋಡುತ್ತಿದ್ದಳು. “ಇಷ್ಟು ವರ್ಷ ನಾ ಇದರ ಮ್ಯಾಲ ಕುಂತು ಹೊಲದೀನೇನು?”



ಹಗ್ಗ ಎಸೆದು ಮಷಿನ್ನಿನ ಕಾಲಿಗೆ ಸಿಕ್ಕಿಸಿ, ಹೊರಗಿನಿಂದಲೇ ಎಳೆದುಕೊಂಡೆವು. ಅವರು ಅಂದೇ ಮನೆ ಬಿಟ್ಟರು. ಆ ಮಳೆಗಾಲದ ಒಂದು ಮಧ್ಯಾಹ್ನ ನಡುಮನೆ ಗೋಡೆಗಳ ಸಮೇತ ಕುಸಿಯಿತು. ಒಳಗೆ ಯಾರೂ ಇರಲಿಲ್ಲ. ಈಗ ಅವರು ಊರಿನ ಇನ್ನೊಂದು ತುದಿಗೆ ಮನೆ ಕಟ್ಟಿಕೊಂಡಿದ್ದಾರೆ.

ಆದರೆ ನಾವು ಹುಡುಕಲು ಹೊರಟಿದ್ದ ಆ ದೊಡ್ಡ ಗುಡುಗು ಎಲ್ಲಿಯದೆಂದು ಇನ್ನೂ ತಿಳಿದಿಲ್ಲ. ಎಷ್ಟು ಹಸನು ಮಾಡಿ ಕೊಟ್ಟರೂ ಬಣ್ಣ ನಕ್ಷೆಯ ತುಂಬ ಹರಡುತ್ತದೆ.

ಮೊನ್ನೆ ಅಕ್ಕನೇ ಫೋನ್ ಮಾಡಿದ್ದಳು. “ಏನಂತದ್ರೀ ನಿಮ್ಮ ಕಂಪ್ಯೂಟರು?”

“ಗೊತ್ತಿಲ್ಲ ಅಂತದ, ಅಕ್ಕಾ.”

“ಮುಂಜಾನಿ ಮತ್ತ ಗುಡುಗ್ಯದ ನೋಡ್ರಿ. ಈ ಸಲ ಭಾಳ ಸಮೀಪ ಇತ್ತು.”