ಭೈರವಿ ಹಾಡುವ ಹೊತ್ತು

ಆಸ್ಟ್ರೇಲಿಯ ದೊಡ್ಡ ದೇಶ. ನಾವು ಗಂಡ ಹೆಂಡತಿ ಬಾಳಿದ್ದು ಮಾತ್ರ ಅದರೊಳಗಿನ ಒಂದು ಸಣ್ಣ ದೇಶದಲ್ಲಿ. ಮೆಲ್ಬರ್ನಿನ ಪಶ್ಚಿಮಕ್ಕೆ, ಟ್ರುಗನಿನಾದಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯೇ ಆ ದೇಶ. ಇಲ್ಲಿಯ ಹೊಸ ಮನೆಗಳ ನಕ್ಷೆಯಲ್ಲೆಲ್ಲ ಥಿಯೇಟರ್ ರೂಮ್ ಎಂದೊಂದು ಇರುತ್ತದೆ. ಉಳಿದವರು ಅಲ್ಲಿ ಗೋಡೆಯಗಲದ ಟಿವಿ ಹಾಕಿ ಕ್ರಿಕೆಟ್ ನೋಡುತ್ತಾರೆ. ನಾವು ಧಾರವಾಡದಿಂದ ತಂದ ಜಮಖಾನ ಹಾಸಿ, ಮೂಲೆಗೆ ತಂಬೂರಿ ಒರಗಿಸಿ, ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಬೈಠಕ್ ನಡೆಸುತ್ತಿದ್ದೆವು. ನನ್ನವರು ಹಾಡುವರು, ನಾನು ಜೋಳದ ರೊಟ್ಟಿ ಬಡಿಯುವೆ, ಬಂದವರು ಕೇಳಿ, ಉಂಡು, ಮನೆಗೆ ಹೋಗುವರು.

ನನ್ನವರು ಹೆಸರಾದ ಗವಾಯಿಯಲ್ಲ. ವಾರವೆಲ್ಲ ರಸ್ತೆ ಕಟ್ಟುವ ಕಂಪನಿಯಲ್ಲಿ ಇಂಜಿನಿಯರ್. ಹಾಡು ಚಿಕ್ಕಂದಿನಲ್ಲಿ ಧಾರವಾಡದ ಗುರುಗಳೊಬ್ಬರ ಮನೆಯಲ್ಲಿ ಕಲಿತದ್ದು. ಮಾತು ಮಹಾ ಕಡಿಮೆ. ಸಿಟ್ಟು ಬಂದರೂ ಹೇಳುವುದಿಲ್ಲ, ಖುಷಿಯಾದರೂ ಹೇಳುವುದಿಲ್ಲ. ಅವರ ತಾಯಿ ತೀರಿಕೊಂಡ ಸುದ್ದಿ ಬಂದಾಗಲೂ ‘ಟಿಕೆಟ್ ಬುಕ್ ಮಾಡ್ಬೇಕು’ ಎಂದಷ್ಟೇ ಹೇಳಿ ಬೂಟು ಹಾಕಿಕೊಂಡರು. ಆ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ನನಗಿದ್ದ ದಾರಿ ಒಂದೇ. ಬೈಠಕ್‌ನಲ್ಲಿ ಕೂತಾಗ ಯಾವ ರಾಗ ಹಿಡಿದರು, ಹೇಗೆ ಹಿಡಿದರು ಎಂದು ಅಡುಗೆಮನೆಯಿಂದಲೇ ಕಿವಿಗೊಟ್ಟು ಕೇಳುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಆ ಹಾಡಿನ ಜೊತೆಗೇ ಎಂದರೂ ತಪ್ಪಿಲ್ಲ.

ರಾಗಕ್ಕೊಂದು ಹೊತ್ತು ಎಂಬ ಕಟ್ಟುಪಾಡನ್ನು ಅವರು ಈ ದೇಶದಲ್ಲೂ ಬಿಡಲಿಲ್ಲ. ಅದರಿಂದಾದ ಫಜೀತಿ ಒಂದೆರಡಲ್ಲ. ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ತಾಸು ಮುಂದೆ ಸರಿಸುತ್ತಾರೆ, ಹೊತ್ತು ಮುಳುಗುವಾಗ ಒಂಬತ್ತಕ್ಕೆ ಹತ್ತಿರ. ಬಂದವರು ಹಸಿದು ಕೂತಿರುತ್ತಿದ್ದರು, ಕಿಟಕಿಯಾಚೆ ಬಿಸಿಲು ಚುರುಗುಡುತ್ತಿತ್ತು, ಇವರು ಸಂಜೆಯ ಯಮನ್ ಹಾಡಲು ಸುತಾರಾಂ ಒಪ್ಪುತ್ತಿರಲಿಲ್ಲ.

“ಗಡಿಯಾರ ಸರಕಾರದ್ದು. ಸೂರ್ಯಾ ಏನ್ ಸರಕಾರದವ ಅಲ್ಲಲ್ಲ,” ಎನ್ನುತ್ತಿದ್ದರು.

ಜುಲೈ ಬಂದರೆ ಇನ್ನೊಂದು ತಕರಾರು. ನಮ್ಮೂರ ಲೆಕ್ಕಕ್ಕೆ ಮಳೆಗಾಲ, ಮಲ್ಹಾರದ ಕಾಲ. ಇಲ್ಲಿ ಹಲ್ಲು ಕಟಕಟಿಸುವ ಚಳಿ. ಹೀಟರ್ ಹಾಕಿಕೊಂಡು ಮಲ್ಹಾರ ಹಾಡಬಹುದೇ ಎಂದು ಇವರೂ ತಬಲಾದವರೂ ಎರಡು ಕಪ್ ಚಹಾ ಮುಗಿಯುವ ತನಕ ವಾದ ಮಾಡಿದ್ದರು. ನನ್ನವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅಪರೂಪ.

ತಬಲಾದವರು ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ವೃದ್ಧಾಶ್ರಮವೊಂದರಲ್ಲಿ ಕೆಲಸ, ಹತ್ತಿರದ ಪಾಯಿಂಟ್ ಕುಕ್‌ನಲ್ಲಿ ಮನೆ. ಇವರ ಹಾಡು ಎಲ್ಲಿ ಎಳೆಯುತ್ತದೆ, ಎಲ್ಲಿ ಉಸಿರಿಗೆ ನಿಲ್ಲುತ್ತದೆ ಎಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನಿಜ ಹೇಳುತ್ತೇನೆ, ನನಗೆ ಕೊಂಚ ಹೊಟ್ಟೆಕಿಚ್ಚೂ ಇತ್ತು.

ಬೈಠಕ್‌ನ ಕೊನೆಗೆ ಭೈರವಿ. ಅದು ಮುಂಜಾನೆಯ ರಾಗವಾದರೂ ಕಛೇರಿಯ ಮುಕ್ತಾಯಕ್ಕೆ ಯಾವ ಹೊತ್ತಿನಲ್ಲೂ ಸಲ್ಲುತ್ತದೆ. ಭೈರವಿ ಹಾಡಿದ ಮೇಲೆ ಮತ್ತೇನನ್ನೂ ಹಾಡುವುದಿಲ್ಲ. ಯಾರು ಎಷ್ಟು ಕೇಳಿಕೊಂಡರೂ ಇಲ್ಲ, ತಂಬೂರಿಗೆ ಗವಸು ಹಾಕಿದಂತೆಯೇ. ನಮ್ಮ ಮನೆಯಲ್ಲಿ ಭೈರವಿಯ ಬೆನ್ನಿಗೇ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಕೆನೆಮೊಸರು. ಹೀಗಾಗಿ ಜನಕ್ಕೆ ಭೈರವಿ ಎಂದರೆ ಊಟದ ಗಂಟೆ ಎಂದಾಯಿತು. ಮೊದಮೊದಲು ಹೊತ್ತು ಮುಳುಗಿದ ಮೇಲೆ ಬರುತ್ತಿದ್ದ ಭೈರವಿ ಬರಬರುತ್ತ ಹಗಲಿಗೇ ಬಂತು. ಒಬ್ಬರಿಗೆ ಮಗನ ಸ್ವಿಮ್ಮಿಂಗ್ ಕ್ಲಾಸ್, ಇನ್ನೊಬ್ಬರಿಗೆ ಮಾರನೇ ದಿನ ಬೆಳಗಿನ ಶಿಫ್ಟ್. “ಅಂಕಲ್, ಇವತ್ತು ಭೈರವಿ ಸ್ವಲ್ಪ ಬೇಗ ಆಗುತ್ತಾ? ಫ್ರೀವೇ ಟ್ರಾಫಿಕ್ ಶುರುವಾಗ್ಬಿಡುತ್ತೆ,” ಎಂದು ಬೆಂಗಳೂರಿನ ಹುಡುಗಿಯೊಬ್ಬಳು ನಗುತ್ತಲೇ ಕೇಳಿದ್ದಳು. ಕೆಲವರಂತೂ ಫೋನ್ ಮಾಡಿ, ಭೈರವಿ ಹೊತ್ತಿಗೆ ಬಂದರೆ ಸಾಕೇ ಎಂದು ನನ್ನನ್ನೇ ವಿಚಾರಿಸುತ್ತಿದ್ದರು. ನನ್ನವರು ಯಾರಿಗೂ ಬೇಡ ಅನ್ನಲಿಲ್ಲ. ಕೇಳಿದ ಹೊತ್ತಿಗೆ ಹಾಡಿಕೊಟ್ಟರು.

ಹಾಗೂ ಹೀಗೂ ನಡೆಯುತ್ತಿತ್ತು. ಒಂದು ಭಾನುವಾರ ಎಲ್ಲರೂ ಹೋದ ಮೇಲೆ ತಬಲಾದವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಅಕ್ಕ, ನಮಗೆ ಸಿಡ್ನಿಗೆ ಹೋಗ್ಲಿಕ್ಕಿದೆ. ಹೆಂಡತಿಗೆ ಅಲ್ಲಿ ಆಸ್ಪತ್ರೆಯಲ್ಲಿ ಒಳ್ಳೆ ಕೆಲಸ ಸಿಕ್ಕಿದೆ. ಎಂತ ಮಾಡುದು? ಸರ್‌ಗೆ ನೀವೇ ಹೇಳ್ತೀರಾ?”

ಹೇಳಿದೆ. “ಹೌದಾ? ಚಲೋ ಆತು,” ಎಂದರು ನನ್ನವರು. ಅಷ್ಟೇ.

ತಬಲಾದವರು ಸಿಡ್ನಿಗೆ ಹೋದ ಮೇಲೆ, ರಜೆಗೆ ಬಂದ ನಮ್ಮ ಮಗಳು ಇವರ ಫೋನಿಗೆ ತಬಲಾ ಬಾರಿಸುವ ಆ್ಯಪ್ ಹಾಕಿಕೊಟ್ಟಳು. ತಾಳಕ್ಕೆ ಏನೂ ಕೊರತೆಯಿಲ್ಲ, ಆದರೆ ಅದು ಯಾರಿಗೂ ಕಾಯುವುದಿಲ್ಲ. ಇವರು ಒಂದು ಸ್ವರದಲ್ಲಿ ಮೈಮರೆತು ನಿಂತರೆ ಅದು ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. “ಇದು ನನ್ನ ಮಾತ ಕೇಳಂಗಿಲ್ಲ,” ಎಂದು ಫೋನನ್ನು ಬೋರಲು ಹಾಕಿದರು. ಆಮೇಲೆ ಬೈಠಕ್ ನಡೆಯಲಿಲ್ಲ. ಯಾರೂ ವಿಚಾರಿಸಲೂ ಇಲ್ಲ, ಒಂದಿಬ್ಬರು ರೊಟ್ಟಿಯ ನೆನಪು ತೆಗೆದರು. ನನ್ನವರು ಆಫೀಸಿನಿಂದ ಬಂದು, ಉಂಡು, ಮಲಗುತ್ತಿದ್ದರು. ಸ್ನಾನದ ಮನೆಯಲ್ಲೂ ಗುನುಗು ಕೇಳುತ್ತಿರಲಿಲ್ಲ. ಮನೆಯಲ್ಲಿ ಒಬ್ಬ ಅಪರಿಚಿತ ಬಾಡಿಗೆಗೆ ಇದ್ದಂತಾಗಿ ನನಗೆ ಭಯವಾಗತೊಡಗಿತು. ಹಾಡು ನಿಂತರೆ ಈ ಮನುಷ್ಯ ನನಗೆ ಸಿಗುವುದಿಲ್ಲ, ಅದು ನನಗೆ ಖಾತ್ರಿಯಾಗಿತ್ತು.

ಕೊನೆಗೆ ನಾನೇ ತಬಲಾದವರಿಗೆ ಫೋನ್ ಹಚ್ಚಿದೆ. ಅವರು ಖುಷಿಯಿಂದ ತಮ್ಮ ಮನೆಯಲ್ಲೇ ಬೈಠಕ್ ಇಟ್ಟುಕೊಂಡರು. ಲಾಂಗ್ ವೀಕೆಂಡಿಗೆ ಕಾರು ಕಟ್ಟಿಕೊಂಡು ಸಿಡ್ನಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ತಂಬೂರಿ, ಡಿಕ್ಕಿಯಲ್ಲಿ ನಾನು ಬಡಿದು ಒಣಗಿಸಿದ ಕಟಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಂಗಡಿಯ ಜೋಳದ ಹಿಟ್ಟು ಹಳತಾಗಿತ್ತು. ಜಿಗಿ ಇಲ್ಲದೆ ರೊಟ್ಟಿಯ ಅಂಚೆಲ್ಲ ಹರಿದಿತ್ತು. ಒಂಬತ್ತು ತಾಸಿನ ದಾರಿಯಲ್ಲಿ ನನ್ನವರು ಬಾಯಿ ಬಿಟ್ಟದ್ದು ಪೆಟ್ರೋಲ್ ಹಾಕಿಸುವಾಗ ಮಾತ್ರ.

ಪೆಂಡಲ್ ಹಿಲ್ ಸ್ಟೇಷನ್ನಿನ ಹತ್ತಿರ, ಇಂಡಿಯನ್ ಅಂಗಡಿಗಳ ಹಿಂದೆ ತಬಲಾದವರ ಯೂನಿಟ್, ಅಂದರೆ ಫ್ಲ್ಯಾಟ್. ಅಕ್ಕಪಕ್ಕದವರು ಸದ್ದಿಗೆ ಗೊಣಗುತ್ತಾರೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಆದರೂ ಕೋಣೆ ತುಂಬಿತ್ತು. ಯಾರಿಗೂ ಹೋಗುವ ಅವಸರವಿರಲಿಲ್ಲ, ಮಕ್ಕಳು ಸಹ ಗೋಡೆಗೊರಗಿ ತೆಪ್ಪಗೆ ಕೂತಿದ್ದವು. ಇಂಥ ಬೈಠಕ್ ನಮ್ಮ ಮನೆಯಲ್ಲಿ ಕಂಡು ಎಷ್ಟೋ ಕಾಲವಾಗಿತ್ತು. ತಬಲಾದವರು ಸಣ್ಣ ಸುತ್ತಿಗೆಯಿಂದ ತಟ್ಟಿ ಇವರ ಶ್ರುತಿಗೆ ತಬಲಾ ಹೊಂದಿಸಿ, ಕೈಗೆ ಪೌಡರ್ ಹಚ್ಚಿಕೊಂಡು, “ಭೀಮ್‌ಪಲಾಸ್ ಅಲ್ವಾ ಸರ್?” ಎಂದರು. ಮಧ್ಯಾಹ್ನ ಇಳಿಯುವ ಹೊತ್ತು, ಅದೇ ಸರಿಯಾದ ರಾಗ. ಇವರು ನಕ್ಕರು. ಆ ನಗು ಕಂಡು ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಡುಗೆಮನೆಗೆ ಹೋಗದೆ ಅಲ್ಲೇ ಕೂತೆ.

ಷಡ್ಜದಲ್ಲಿ ತುಂಬ ಹೊತ್ತು ನಿಂತರು. ಆಮೇಲೆ ಭೀಮ್‌ಪಲಾಸ್‌ನಲ್ಲಿ ಇಲ್ಲದ ಕೋಮಲ ರಿಷಭಕ್ಕೆ ಹೋಗಿ, ಅಲ್ಲಿಂದ ಮೆಲ್ಲಗೆ ಇಳಿದರು. ಭೈರವಿ.

ತಬಲಾದ ಮೇಲಿದ್ದ ಕೈ ಅಲ್ಲೇ ನಿಂತಿತು. ತಬಲಾದವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆ ಕೋಣೆಯಲ್ಲಿ ಇನ್ನಾರಿಗೂ ಏನೂ ಗೊತ್ತಾಗಲಿಲ್ಲ. ಇವರು ಕಣ್ಣು ಮುಚ್ಚಿ ಹಾಡಿದರು. ಎಷ್ಟು ಚೆನ್ನಾಗಿ ಹಾಡಿದರೆಂದರೆ, ಮುಂದಿನ ಸಾಲಿನ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ತಬಲಾದವರು ತಲೆ ತಗ್ಗಿಸಿ ಠೇಕಾ ಹಿಡಿದರು, ಅವಸರ ಮಾಡಲಿಲ್ಲ, ಇವರು ನಿಂತಲ್ಲೆಲ್ಲ ಕಾದರು. ನಾನು ಮಾತ್ರ ಒಳಗೊಳಗೇ ಸಾಕು ಮಾಡಬೇಡಿ, ಮುಗಿಸಬೇಡಿ ಎಂದು ಬೇಡಿಕೊಳ್ಳುತ್ತಿದ್ದೆ.

ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಇನ್ನೊಂದು ಹಾಡಿ ಅಂಕಲ್, ಇಡೀ ಸಂಜೆ ಇದೆ,” ಎಂದರು ಹಿಂದಿನಿಂದ ಯಾರೋ.

“ಭೈರವಿ ಆತಲ್ರಿ,” ಎಂದು ನನ್ನವರು ತಂಬೂರಿಯ ಗವಸು ಕೈಗೆತ್ತಿಕೊಂಡರು.

ತಬಲಾದವರು ಸುತ್ತಿಗೆಯನ್ನು ಚೀಲಕ್ಕೆ ಹಾಕಿದರು. ನಾನು ಎದ್ದು ಹರಿದ ರೊಟ್ಟಿಗಳನ್ನು ತಟ್ಟೆಗೆ ಹಾಕಿದೆ. ನನ್ನವರು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು, ಎಣ್ಣೆಗಾಯಿಯನ್ನು ಎರಡನೇ ಸಲ ಹಾಕಿಸಿಕೊಂಡರು.

“ಏನಾತು ನಿಮಗ?” ಎಂದು ಬಡಿಸುತ್ತ ಮೆಲ್ಲಗೆ ಕೇಳಿದೆ.

“ಏನಿಲ್ಲ,” ಎಂದರು. “ಚಟ್ನಿ ಹಾಕು.”