ಹೊಸ್ತಿಲಾಚೆ ಮೋತಿ, ಈಚೆ ಮದುಮಗ

ಹೋದ ರವಿವಾರ ಒಂದು ಮೈಲಾರಲಿಂಗನ ಗುಡಿಯ ಬಾಗಿಲಲ್ಲಿ ನನ್ನನ್ನು ಬಿಟ್ಟು, ನನ್ನ ನಾಯಿಯನ್ನು ಒಳಗೆ ಕರೆದುಕೊಂಡು ಹೋದರು. ಅದರ ಹಣೆಗೆ ಅರಿಶಿನದ ಭಂಡಾರ ಹಚ್ಚಿದರು. ಆರತಿ ಎತ್ತಿದರು. ಅಂದು ನಾವು ಹೋದದ್ದು ನನ್ನ ಮದುವೆಗೆ ಜಾಗ ನೋಡಲು!

ಹಳೆಯ ಓದುಗರಿಗೆ ನನ್ನ ಕಥೆ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ನಾನು ಲಡಾಯಿಗೆ ಹೋಗಿ ಕಣ್ಣು ಕಳೆದುಕೊಂಡು ಬಂದವನು. ಮಿಲಿಟರಿ ದವಾಖಾನೆಯಲ್ಲಿದ್ದಾಗ, ನಾಯಿ ಪಳಗಿಸುವ ಮುದಿ ಹವಾಲ್ದಾರರೊಬ್ಬರು ಮೋತಿಯನ್ನು ನನಗಾಗಿ ತಯಾರು ಮಾಡಿಕೊಟ್ಟರು. ಅದರ ಮೈಗೆ ಚರ್ಮದ ಪಟ್ಟಿ, ಪಟ್ಟಿಗೊಂದು ಗಟ್ಟಿ ಹಿಡಿಕೆ, ಹಿಡಿಕೆ ನನ್ನ ಎಡಗೈಯಲ್ಲಿ. ಗಟಾರ ಬಂದರೆ ಮೋತಿ ನಿಲ್ಲುತ್ತದೆ. ಚಕ್ಕಡಿ ಬಂದರೆ ಬದಿಗೆ ಸರಿಸುತ್ತದೆ. ಸಪ್ತಾಪುರದ ನನ್ನ ಬಾಡಿಗೆ ಕೋಣೆಯಿಂದ ಪೋಸ್ಟಿಗೆ, ಪೇಟೆಗೆ, ಈ ಪತ್ರಿಕೆಯ ಆಫೀಸಿಗೆ ಯಾರನ್ನೂ ಕಾಯದೆ ಹೋಗಿಬರುತ್ತೇನೆ. (ದಾರಿಯಲ್ಲಿ ಸಿಕ್ಕವರು ಮೋತಿಯ ಆರಾಮು ಕೇಳುತ್ತಾರೆ. ನನ್ನದನ್ನು ಕೇಳುವವರು ಕಡಿಮೆ.)

ಅಂಥವನಿಗೆ ಈಗ ಮದುವೆ. ಹುಡುಗಿ ಪಾರ್ವತಿ, ಉಪ್ಪಿನಬೆಟಗೇರಿ ಕಡೆಯ ಒಕ್ಕಲಿಗರ ಮಗಳು, ಧಾರವಾಡದ ಹೆಣ್ಣುಮಕ್ಕಳ ಸಾಲೆಯಲ್ಲಿ ಟೀಚರ್. ಎರಡು ವರ್ಷದಿಂದ ನಾನು ಬಾಯಲ್ಲಿ ಹೇಳಿದ್ದನ್ನು ಈ ಅಂಕಣಕ್ಕಾಗಿ ಕಾಗದದ ಮೇಲೆ ಇಳಿಸುವವಳು ಅವಳೇ. ಅದು ಮದುವೆಯವರೆಗೆ ಹೇಗೆ ಬಂತು? ಅದು ನಿಮಗೇಕೆ ಬಿಡಿ.

ನಾನು ಹಾಕಿದ ಕರಾರು ಒಂದೇ. ಮದುವೆಯ ಮಣೆಯವರೆಗೆ ನಾನೇ ನಡೆದು ಬರುತ್ತೇನೆ, ಮೋತಿಯ ಹಿಡಿಕೆ ಹಿಡಿದು. ಯಾರೂ ನನ್ನ ರಟ್ಟೆ ಹಿಡಿಯಬಾರದು.

ಇದೇನು ಹಟ ಅನ್ನುತ್ತೀರಾ? ನನ್ನ ತಂಗಿಯ ಮದುವೆಯ ಮಾತು ಕೇಳಿ. ಆಗ ಮೋತಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಇಬ್ಬರು ಬಂದು ನನ್ನನ್ನು ಎತ್ತಿಕೊಂಡಂತೆ ಒಯ್ದು ಒಂದು ಕಂಬದ ಹತ್ತಿರ ಕೂಡಿಸಿದರು. "ಇಲ್ಲೇ ಕುಂಡ್ರರಿ, ಕರಿತೀವಿ" ಅಂದರು. ಕರೆಯಲಿಲ್ಲ. ನಾಲ್ಕು ಅಕ್ಕಿಕಾಳು ತಲೆಯ ಮೇಲೆ ಬಿದ್ದಾಗಲೇ ತಂಗಿಯ ಮದುವೆ ಆಗಿಹೋಯಿತೆಂದು ನನಗೆ ಗೊತ್ತಾದದ್ದು. ನಮ್ಮ ಕಡೆ ಕುರುಡನಿಗೆ ಸಹಾಯ ಮಾಡುವವರಿಗೆ ಬರವಿಲ್ಲ. ಕೇಳಿ ಮಾಡುವವರಿಗೆ ಬರ.

ಸರಿ, ಜಾಗ ಹುಡುಕಲು ಹೊರಟೆವು. ಮೊದಲು ಹುಬ್ಬಳ್ಳಿಯಲ್ಲಿ ಮದುವೆಗೆ ಬಾಡಿಗೆ ಕೊಡುವ ಒಂದು ದೊಡ್ಡ ವಾಡೆ. ಮಾಲಕರು ಚಹಾ ತರಿಸಿದರು, ಹಿಂದಿನ ಮದುವೆಗಳ ವೈಭವ ಹೇಳಿದರು. ನಾನು ನಾಯಿಯ ಸುದ್ದಿ ತೆಗೆದೆ. "ಅಯ್ಯ, ಆ ತಿಥಿಗೆ ವಾಡೇ ಖಾಲಿ ಇಲ್ಲರಿ" ಅಂದರು. ನಾನಿನ್ನೂ ತಿಥಿ ಹೇಳಿರಲೇ ಇಲ್ಲ.

ಆಮೇಲೆ ಧಾರವಾಡದ ಒಂದು ಸಾಲೆಯ ಹಾಲ್. ಹೆಡ್‌ಮಾಸ್ತರರು ಉದಾರಿಗಳು. "ನಾಯಿ ಬರಲಿ, ನಂದೇನ ತಕರಾರ ಇಲ್ಲ. ಮಂದಿ ಊಟ ಮುಗಿಯೋತನಕ ಹಿತ್ತಲದಾಗ ಕಟ್ಟರಿ."

"ಹಂಗಾದ್ರ ನಾ ನಡದ ಬರೂದು ಹೆಂಗರಿ?"

"ನಿಮಗ್ಯಾಕ ಚಿಂತಿ? ಹಿಡಕೊಂಡ ಬರಲಿಕ್ಕೆ ಹತ್ತ ಮಂದಿ ಇರತಾರ."

ಅದೇ ಹತ್ತು ಮಂದಿ! ನಮಸ್ಕಾರ ಹೇಳಿ ಎದ್ದೆ.

ಆಗ ಪಾರ್ವತಿಯ ತಂದೆ ಫಕೀರಪ್ಪನವರು ದಾರಿ ತೋರಿಸಿದರು. "ನಮ್ಮ ಮನಿದೇವರು ಮೈಲಾರಲಿಂಗ. ನಾಯಿ ಅಂದ್ರ ಆ ದೇವರ ಬಳಗ. ಅಲ್ಲಿ ಯಾರು ಬ್ಯಾಡ ಅಂತಾರರಿ?" ಅವರ ಮಾತು ಖರೆ. ನನಗೆ ಬಹಳ ದಿನಗಳ ಮೇಲೆ ಎದೆ ಹಗುರಾಯಿತು. ರವಿವಾರ ಚಕ್ಕಡಿ ಹೂಡಿಸಿ, ಪಾರ್ವತಿ, ಅವಳ ಅಣ್ಣ ಮಲ್ಲಪ್ಪ, ಎಲ್ಲರೂ ಅವರ ಊರಿನಾಚೆಯ ಗುಡಿಗೆ ಹೋದೆವು.

ಪೂಜಾರಿಗೆ ಮೋತಿಯನ್ನು ಕಂಡು ಸಂತೋಷವೋ ಸಂತೋಷ. ಬಗ್ಗಿ ಅದರ ಬೆನ್ನು ಸವರಿದವರು ಅಲ್ಲೇ ಕೈ ಹಿಂದೆ ತೆಗೆದುಕೊಂಡರು.

"ಇದು ತೊಗಲೇನ್ರಿ?"

"ಹೌದ್ರಿ."

"ನಾಯಿ ಬರಲಿ. ತೊಗಲು ಒಳಗ ಬರಂಗಿಲ್ಲ. ಬಿಚ್ಚಿ ಹೊರಗ ಇಡ್ರಿ."

ಚಪ್ಪಲಿಗಿರುವ ಕಾಯಿದೆಯೇ ಪಟ್ಟಿಗೂ. ಯಾರೊಡನೆ ವಾದಿಸುವುದು? ಬಿಚ್ಚಿದೆ. ಹಗ್ಗ ಕಟ್ಟಬಾರದೇ ಎಂದು ನೀವು ಕೇಳಬಹುದು. ಹಗ್ಗ ಕಟ್ಟಿದರೆ ಮೋತಿ ಬರೀ ನಾಯಿ. ಮೈಮೇಲೆ ಪಟ್ಟಿ ಇದ್ದರಷ್ಟೇ ಅದಕ್ಕೆ ಡ್ಯೂಟಿ. ಡ್ಯೂಟಿ ಮುಗಿಯಿತೆಂದು ಅದು ಬಾಲ ಅಲ್ಲಾಡಿಸುತ್ತ ಪೂಜಾರಿಯ ಹಿಂದೆ ಹೋಯಿತು. ಅದರ ಹಿಂದೆ ಎಲ್ಲರೂ ಹೋದರು.

ಒಳಗೆ ಗಂಟೆ ಬಾರಿಸಿದರು. "ಎಷ್ಟ ಶಾಣ್ಯಾ ಐತಿ ನೋಡ್ರಿ" ಎಂದು ಯಾರೋ ನಕ್ಕರು. ನಾನು ಪಟ್ಟಿ ಕೈಯಲ್ಲಿ ಹಿಡಿದು ನಿಂತಿದ್ದೆ. ಹೊಸ್ತಿಲು ಎಷ್ಟು ಎತ್ತರ, ಆಚೆ ಮೆಟ್ಟಿಲು ಎಷ್ಟು, ಒಂದೂ ಗೊತ್ತಿಲ್ಲ. ಯಾರಾದರೂ ತಿರುಗಿ ನೋಡಿಯಾರು ಎಂದು ಕಾದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದವಾಖಾನೆಯಲ್ಲಿ ಬಿದ್ದಿದ್ದಾಗಲೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಕೊನೆಗೆ ಬಳೆಯ ಸದ್ದು. ಪಾರ್ವತಿ.

"ಅಯ್ಯ, ನೀವಿನ್ನೂ ಇಲ್ಲೇ ನಿಂತೀರಿ?"

ಅಂದರೆ ಅವಳೂ ಒಳಗೆ ಹೋಗಿದ್ದಳು. ಅವಳೂ ಮರೆತಿದ್ದಳು.

"ಒಂದ ದಿವಸದ ಮಾತರಿ," ಅಂದಳು ಮೆಲ್ಲಗೆ. "ಮಲ್ಲಪ್ಪಣ್ಣನ ಕೈ ಹಿಡಕೊಂಡು ಬಂದ್ರ ಏನಾಗತೈತಿ?"

ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಏನಾಗುತ್ತದೆಂದು ತಾನೇ ನೋಡಬೇಕೆನ್ನಿಸಿತೋ ಏನೋ, ಒಳಗಿದ್ದ ಅಣ್ಣನನ್ನು ಕೂಗಿದಳು. "ಅಣ್ಣಾ, ನಾ ಕಣ್ಣ ಮುಚ್ಚೇನಿ. ನನ್ನ ಕೈ ಹಿಡದು ದೇವರ ಮುಂದ ಕರಕೊಂಡು ಹೋಗು."

ಮಲ್ಲಪ್ಪ ನಗುತ್ತ ಬಂದ. ಇಬ್ಬರ ಹೆಜ್ಜೆಯ ಸಪ್ಪಳ ಕೇಳುತ್ತಿತ್ತು. ಮೊದಲು ನಿಧಾನ, ಆಮೇಲೆ ಲಗುಬಗೆ. "ನಿಲ್ಲು" ಅಂದಳು. ಹೆಜ್ಜೆ ನಿಲ್ಲಲಿಲ್ಲ. "ಅಣ್ಣಾ, ಬಿಡು! ಬಿಡು ನನ್ನ ಕೈ!"

ತಿರುಗಿ ಬಂದವಳಿಗೆ ಏದುಸಿರು. "ಕಂಬಕ್ಕ ಭುಜ ಬಡೀತರಿ. ನಿಲ್ಲು ಅಂದ್ರ ನಿಲ್ಲಲಿಲ್ಲ. ನಾ ಜೋಡಿ ಇದ್ದೇನೋ ಇಲ್ಲೋ, ಅವಂಗ ಖಬರಽ ಇಲ್ಲ."

ಅಲ್ಲೇ ತಂದೆಗೆ ಹೇಳಿದಳು. "ಅಪ್ಪಾ, ಇಲ್ಲಿ ಬ್ಯಾಡ. ಇವರ ಕೋಣಿ ಮುಂದ ಹಂದರಾ ಹಾಕಸೂಣು."

ಫಕೀರಪ್ಪನವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ನಿಮ್ಮವ್ವ ಸಾಯೋ ಮುಂದ, ಪಾರೀ ಮದಿವಿ ಈ ದೇವರ ಮುಂದಽ ಮಾಡತೇನಿ ಅಂತ ಆಕಿಗೆ ಮಾತು ಕೊಟ್ಟೇನಿ. ಹಂದರದಾಗ ಆಗೋ ಮದಿವಿಗೆ ಯಾವ ಮುಖಾ ಹೊತ್ತು ಬರ್ಲೆವಾ?"

ಆದರೂ ಅವಳು ತನ್ನ ಮಾತು ಬದಲಿಸಲಿಲ್ಲ. ಚಕ್ಕಡಿ ಧಾರವಾಡಕ್ಕೆ ತಿರುಗಿತು.

ಹಂದರದ ಕಂಬಗಳು ನಿನ್ನೆ ಬಂದವು. ನನ್ನ ಬಾಗಿಲ ಮುಂದಿನ ಬೀದಿಯಲ್ಲಿ ಮೋತಿಗೆ ಯಾರ ಅಪ್ಪಣೆ ಬೇಕು? ಅದರ ಚರ್ಮದ ಪಟ್ಟಿಯನ್ನು ಬಿಚ್ಚು ಎನ್ನುವವರು ಯಾರು? ನಾನು ಗೆದ್ದೆ. ಗೆದ್ದವನ ಮನೆ ಇಷ್ಟು ಬಿಕೋ ಎನ್ನುತ್ತದೆಯೇ?

ಹೆಣ್ಣಿನ ಕಡೆಯವರಿಗೆ ಎಷ್ಟು ಜಮಖಾನೆ ಹಾಸಿಸಬೇಕೆಂದು ಪಾರ್ವತಿಯನ್ನು ಕೇಳಿದೆ. "ಒಂದ ಸಾಕರಿ" ಅಂದಳು. ದನಿಯಲ್ಲಿ ದೂರಿರಲಿಲ್ಲ. ಈ ವಾರದ ಬರಹವನ್ನು ನಾನು ಪಕ್ಕದ ಮನೆಯ ಮಾಸ್ತರರಿಗೆ ಹೇಳಿ ಬರೆಸಿದ್ದೇನೆ. ಅವಳ ಕೈಯಿಂದ ಇದನ್ನು ಹೇಗೆ ಬರೆಸಲಿ?

ಯಾರ ಕೈಯನ್ನೂ ಹಿಡಿಯದೆ ಬರುತ್ತೇನೆಂದು ಹಟ ಹಿಡಿದವನು ನಾನು. ತನ್ನವರು ಯಾರೂ ಇಲ್ಲದೆ ಬರುವ ಪಾಳಿ ಅವಳದಾಯಿತೇ?