ವರ್ಷಕ್ಕೊಂದು ಅಪ್ಪುಗೆ

ಸಭೆಯ ಮಕ್ಕಳೆಲ್ಲ ಅವನನ್ನು ಹಲೋ ಮಾವ ಎಂದು ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ ಕುರ್ಚಿ ಜೋಡಿಸಿ, ವೈರು ಎಳೆದು, ಮೈಕಿನ ಮುಂದೆ ನಿಂತು "ಹಲೋ, ಹಲೋ, ಒಂದು, ಎರಡು, ಮೂರು" ಎನ್ನುವುದು ಅವನ ಕೆಲಸ. ಅಷ್ಟು ವರ್ಷ ಮೈಕು ಹಿಡಿದರೂ ಅದರಲ್ಲಿ ಅವನು ಆಡಿದ ಮಾತು ಅಷ್ಟೇ. ಮಾವನಿಗೆ ಮೂರರ ಆಚೆ ಎಣಿಸೋಕೆ ಬರಲ್ಲ ಎಂದು ಹಾಡಿನ ತಂಡದ ಹುಡುಗಿಯರು ಕಿಚಾಯಿಸಿದರೆ ಅವನೂ ಹಲ್ಲು ಬಿಡುತ್ತಿದ್ದ. ಮಂದಿರದ ಹಿಂದೆ ಅವನಿಗೊಂದು ಕೋಣೆ ಕೊಟ್ಟಿದ್ದರು. ಮಂಚ, ಸ್ಟೌ, ಮೂಲೆಯಲ್ಲಿ ಕೆಟ್ಟುಹೋದ ಸ್ಪೀಕರುಗಳ ರಾಶಿ, ಇಷ್ಟೇ ಅವನ ಸಂಸಾರ.

ಅದಕ್ಕೆ ಮೊದಲು ಅವನು ಶಾಲೆಯ ವ್ಯಾನು ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಗೇಟಿನೆದುರು ಫೋನಿನಲ್ಲಿ ಹರಟುತ್ತ, ಕತ್ತು ತಿರುಗಿಸಿಯೂ ನೋಡದೆ, ವ್ಯಾನನ್ನು ಹಿಂದಕ್ಕೆ ತೆಗೆದ. ಹಿಂದೆ ಆರು ವರ್ಷದ ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತು ಶೂ ದಾರ ಕಟ್ಟಿಕೊಳ್ಳುತ್ತಿದ್ದ. ಯಾರ ಹತ್ತಿರ ಏನು ಹರಟುತ್ತಿದ್ದನೆಂದು ಕೋರ್ಟಿನಲ್ಲಿ ಕೇಳಿದಾಗ ಅವನಿಗೆ ನೆನಪಾಗಲಿಲ್ಲ. ನೆನಪಿಡುವಂಥ ಮಾತೇನೂ ಆಗಿರಲಿಲ್ಲ. ಜೈಲಾಯಿತು. ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಜೈಲಿನ ಕಂಬಿಯಾಚೆ ಬಂದು ಮಾತಾಡಿಸಿದವರು ಪಾಸ್ಟರ್ ಒಬ್ಬರೇ. ಹುಡುಗನ ತಾಯಿ ಅವರ ಸಭೆಯವಳೇ, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುವ ಹೆಂಗಸು.

ಅವನು ಬಿಡುಗಡೆಯಾಗಿ ಬಂದ ಮೊದಲ ಭಾನುವಾರ ಪಾಸ್ಟರ್ ಕ್ಷಮೆಯ ಮೇಲೆ ಪ್ರಸಂಗ ಮಾಡಿದರು. ನಡುವೆ ಅವನನ್ನು ಮುಂದೆ ಕರೆದರು, ಅವಳನ್ನೂ ಕರೆದರು. ಅವಳ ಭುಜದ ಮೇಲೆ ಕೈಯಿಟ್ಟು, "ಕ್ಷಮಿಸ್ತೀಯಲ್ಲಮ್ಮಾ?" ಎಂದರು. ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿರುವಾಗ ಯಾವ ಹೆಂಗಸು ಇಲ್ಲ ಅನ್ನುತ್ತಾಳೆ? ಅವಳು ತಲೆಯಾಡಿಸಿದಳು. ಪಾಸ್ಟರ್ ಅವನನ್ನು ಮುಂದಕ್ಕೆ ತಳ್ಳಿದರು. ಬೀಳದಿರಲೆಂದು ಅವಳು ಅವನ ತೋಳು ಹಿಡಿದಳು. ಅದೇ ಅಪ್ಪುಗೆಯಾಯಿತು, ಸಭೆ ಗೊಳೋ ಎಂದು ಅತ್ತಿತು.

ಆಮೇಲೆ ಪ್ರತಿ ವರ್ಷ ಅದೇ ಪ್ರಸಂಗ. ಪಾಸ್ಟರ್ ಕೆಟ್ಟ ಮನುಷ್ಯರಲ್ಲ. ಕಥೆ ಹೇಳುವ ಚಟ ಇತ್ತು, ಅಷ್ಟೇ. ಚಟಕ್ಕೆ ತಕ್ಕಂತೆ ಕಥೆಯೂ ಮೈಕೈ ತುಂಬಿಕೊಂಡಿತು. ಆ ದಿನದ ಮಟಮಟ ಬಿಸಿಲು ಹೋಗಿ ಕಥೆಯಲ್ಲಿ ಗುಡುಗು ಮಳೆ ಬಂತು. ಅವಳು ಜೈಲಿಗೇ ಹೋಗಿ ಅವನಿಗೆ ಊಟ ಕೊಟ್ಟಳು ಎಂದಾಯಿತು. ಮೂರನೆಯ ವರ್ಷ ಹುಡುಗನೇ ಕೊನೆಯುಸಿರೆಳೆಯುತ್ತ, "ಅಮ್ಮಾ, ಅವರನ್ನ ಕ್ಷಮಿಸು" ಎಂದ. ಅದನ್ನು ಕೇಳಿದಾಗ ಹಲೋ ಮಾವನ ಕೈಯಲ್ಲಿದ್ದ ವೈರು ಜಾರಿತು. ಹುಡುಗನನ್ನು ಚಕ್ರದಡಿಯಿಂದ ಎತ್ತಿದವನು ಅವನೇ. ಆ ಬಾಯಿ ಏನೂ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಕಥೆಯ ಕೊನೆಯಲ್ಲಿ ಹಾಡು ಶುರುವಾಗುತ್ತಿತ್ತು, ಇಬ್ಬರೂ ವೇದಿಕೆ ಹತ್ತಿ ಅಪ್ಪಿಕೊಳ್ಳಬೇಕಿತ್ತು. ಆಗ ಅವಳು ಅವನ ಕಿವಿಗೆ ಬಾಯಿಟ್ಟು, ತುಟಿ ಅಲ್ಲಾಡದ ಹಾಗೆ, "ಇನ್ನೂ ಬದುಕಿದ್ದೀಯಾ?" ಎನ್ನುತ್ತಿದ್ದಳು. ಪ್ರತಿ ವರ್ಷವೂ ಅದೇ ಮಾತು. ಆ ಇಡೀ ಬೆಳಗಿನಲ್ಲಿ ತನಗೆ ಸಲ್ಲಬೇಕಾದ ಮಾತು ಅದೊಂದೇ ಎಂದು ಅವನಿಗೆ ಅನಿಸುತ್ತಿತ್ತು. ಅವಳ ಪಾಡೂ ಹಗುರವಿರಲಿಲ್ಲ. ಅತ್ತೆ ಸೊಸೆ ಜಗಳವಾಡಿದರೆ ಅವಳ ಮನೆಗೆ ಬರುತ್ತಿದ್ದರು, "ನೀನೇ ಬುದ್ಧಿ ಹೇಳು, ಮಗನ್ನ ಕೊಂದವನನ್ನೇ ಕ್ಷಮಿಸಿದೋಳು ನೀನು" ಎಂದು. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೂಂಗುಟ್ಟುತ್ತ ಹೊಲಿಯುತ್ತಿದ್ದಳು. ಬೀದಿಯಲ್ಲಿ ಅವನು ಎದುರಾದರೆ ಜನ ನಿಂತು ನೋಡುತ್ತಿದ್ದರು. ಅವಳು ನಗಬೇಕಿತ್ತು, ನಗುತ್ತಿದ್ದಳು.

ಒಂಬತ್ತನೆಯ ವರ್ಷ ಯಾರೋ ಪುಣ್ಯಾತ್ಮರು ಸಭೆಗೆ ಕಾಲರ್ ಮೈಕು ಕೊಡಿಸಿದರು. ಅಂಗಿಗೆ ಸಿಕ್ಕಿಸಿಕೊಂಡರೆ ಸಾಕು, ಪಿಸುಮಾತೂ ಕೇಳುತ್ತದೆ. ಪಾಸ್ಟರಿಗೆ ಖುಷಿಯೋ ಖುಷಿ.

"ಈ ಸಲ ರೆಕಾರ್ಡ್ ಮಾಡಿ ಎಲ್ಲಾ ಸಭೆಗಳಿಗೂ ಕಳಿಸೋಣ" ಎಂದರು. "ಅಮ್ಮನಿಗೂ ಒಂದು ಸಿಕ್ಕಿಸು. ತಬ್ಕೊಳ್ಳುವಾಗ ಅವರು ಬಿಕ್ಕೋದು ಜನಕ್ಕೆ ಕೇಳ್ಬೇಕು."

ಅವಳು ಕಿವಿಯಲ್ಲಿ ಹೇಳುವ ಆ ಎರಡು ಪದ ಸ್ಪೀಕರಿನಲ್ಲಿ ಬಂದರೆ ಅವಳ ಗತಿಯೇನು? ಎಲ್ಲರೂ ತಲೆಯ ಮೇಲೆ ಹೊತ್ತವಳನ್ನು ಎಲ್ಲರೂ ಸೇರಿ ಕೆಳಗೆ ಹಾಕುತ್ತಾರೆ. ಕ್ಷಮೆಯೇ ಇಲ್ಲವೆಂದ ಮೇಲೆ, ಕ್ಷಮೆ ಸಿಕ್ಕಿದವನೆಂದು ತನಗೆ ಕೊಟ್ಟ ಕೋಣೆಯೂ ಇಲ್ಲ. ಭಾನುವಾರ ಬೆಳಿಗ್ಗೆ ಅವನು ಅವಳ ಮೈಕಿಗೆ ಸತ್ತ ಬ್ಯಾಟರಿ ಹಾಕಿದ. ಅವಳ ಮಾನ ಉಳಿಸುವುದಕ್ಕೆ ಎಂದು ತನಗೆ ತಾನೇ ಹೇಳಿಕೊಂಡ. ಅದರಲ್ಲಿ ಅರ್ಧ ನಿಜವಿತ್ತು.

ಪಾಸ್ಟರ ಹೆಂಡತಿ ಅವಳ ಸೆರಗಿಗೆ ಮೈಕು ಸಿಕ್ಕಿಸುವಾಗ ಅವಳು ಅವನತ್ತ ತಿರುಗಿ ಕೇಳಿದಳು, "ಇದರಲ್ಲಿ ಮೆಲ್ಲಗೆ ಮಾತಾಡಿದ್ರೂ ಕೇಳುತ್ತಾ?"

ಪಾಸ್ಟರ ಹೆಂಡತಿ ಎದುರಿಗೇ ಇದ್ದುದರಿಂದ ಅವನು ನಿಜ ಹೇಳುವಂತಿರಲಿಲ್ಲ. "ಎಲ್ಲಾ ಕೇಳುತ್ತಮ್ಮಾ" ಎಂದ. ಹೆದರಿ ಕೇಳುತ್ತಿದ್ದಾಳೆ, ಇವತ್ತು ಬಾಯಿ ಬಿಡಲಾರಳು ಎಂದುಕೊಂಡು ನಿರಾಳವಾದ.

ಪ್ರಸಂಗವಾಯಿತು. ಗುಡುಗಾಯಿತು, ಮಳೆಯಾಯಿತು, ಹುಡುಗ ಅಮ್ಮನನ್ನು ಕರೆದು ಕ್ಷಮಿಸು ಎಂದ. ಕೀಬೋರ್ಡ್ ಮೊಳಗಿತು, ಹಾಡು ಎದ್ದಿತು, ಇಬ್ಬರೂ ವೇದಿಕೆ ಹತ್ತಿದರು. ಅವಳು ಅವನನ್ನು ಅಪ್ಪಿಕೊಂಡಳು. ಈ ಸಲ ಅವನ ಕಿವಿಗೆ ಬಾಯಿಡಲಿಲ್ಲ. ಗಲ್ಲವನ್ನು ಎದೆಗೊತ್ತಿ, ಮೈಕಿಗೇ ಹೇಳಿದಳು.

"ನನ್ನ ಮಗ ಸಾಯುವಾಗ ಏನೂ ಹೇಳ್ಲಿಲ್ಲ. ನಾನು ಇವನನ್ನ ಕ್ಷಮಿಸಿಲ್ಲ. ಯಾವತ್ತೂ ಕ್ಷಮಿಸಿಲ್ಲ. ದಯವಿಟ್ಟು ನನ್ನ ಬಿಟ್ಟುಬಿಡಿ."

ವೇದಿಕೆಯ ಮೇಲಿರುವವರಿಗೆ ತಮ್ಮ ದನಿ ಸ್ಪೀಕರಿನಲ್ಲಿ ಹೇಗೆ ಬರುತ್ತಿದೆಯೆಂದು ತಿಳಿಯುವುದಿಲ್ಲ; ಪೆಟ್ಟಿಗೆಗಳ ಮುಖವೆಲ್ಲ ಜನರ ಕಡೆಗಿರುತ್ತದೆ. ಅದರ ಮೇಲೆ ಹಾಡಿನ ಅಬ್ಬರ ಬೇರೆ. ಅವಳು ಹೇಳಿ ಮುಗಿಸಿ, ಮುಖವೆತ್ತಿ, ಸಭೆಯನ್ನು ನೋಡುತ್ತ ನಿಂತಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡು "ಆಮೆನ್, ಆಮೆನ್" ಎಂದರು. ಹಲೋ ಮಾವ ಅವಳ ಮುಖ ನೋಡಿದ. ಹುಡುಗನನ್ನು ಚಕ್ರದಡಿಯಿಂದ ಎತ್ತಿದ ಆ ದಿನವೂ ಅವನಿಗೆ ಅಷ್ಟು ಭಯವಾಗಿರಲಿಲ್ಲ.

ಎಲ್ಲರೂ ಹೋದ ಮೇಲೂ ಅವಳು ಕುರ್ಚಿಯೊಂದರಲ್ಲಿ ಕೂತೇ ಇದ್ದಳು. ಅವನು ವೈರು ಸುತ್ತುತ್ತಿದ್ದ.

"ಕೇಳಿಸ್ಕೊಂಡ್ರಲ್ಲೋ" ಎಂದಳು. ಒಂಬತ್ತು ವರ್ಷದಲ್ಲಿ ಅವಳು ಅವನೊಂದಿಗೆ ಪಿಸುಮಾತಲ್ಲದೆ ಮಾತಾಡಿದ್ದು ಕಡಿಮೆ. "ಎಲ್ಲಾ ಕೇಳಿಸ್ಕೊಂಡು ಚಪ್ಪಾಳೆ ತಟ್ಟಿದ್ರು. ಇವರೆಂಥಾ ಜನ?"

ಸುಮ್ಮನಿದ್ದಿದ್ದರೆ ಅವನ ಕೋಣೆ ಉಳಿಯುತ್ತಿತ್ತು. ಸುಮ್ಮನಿರಲು ಆಗಲಿಲ್ಲ.

"ಅವರಿಗೆ ಕೇಳಿಸ್ಲಿಲ್ಲಮ್ಮಾ. ನಾನೇ ಸತ್ತ ಬ್ಯಾಟರಿ ಹಾಕಿದ್ದೆ. ನೀವು ಸಿಕ್ಕಿಬೀಳ್ತೀರಲ್ಲ ಅಂತ..."

ಅವಳು ಸೆರಗಿನಿಂದ ಮೈಕನ್ನು ಕಿತ್ತು ಕುರ್ಚಿಯ ಮೇಲಿಟ್ಟಳು.

"ಅದನ್ನ ಹೇಳೋಕೆ ಒಂದು ವಾರ ನಿದ್ದೆಗೆಟ್ಟು ಧೈರ್ಯ ತಂದ್ಕೊಂಡಿದ್ದೆ. ಆವತ್ತು ನನ್ನ ಮಗನ್ನ ತಗೊಂಡೆ. ಇವತ್ತು ನನ್ನ ಬಾಯನ್ನೂ ತಗೊಂಡ್ಯಾ?" ಎಂದಳು. ಬಾಗಿಲ ತನಕ ಹೋಗಿ ತಿರುಗಿ ನಿಂತಳು. "ನನಗೆ ಇನ್ನೊಂದ್ಸಲ ಆಗಲ್ಲ. ನೀನೇ ಹೇಳು."

ಮುಂದಿನ ಭಾನುವಾರ ಜನ ತುಂಬಿದ ಮೇಲೆ ಅವನು ಮೈಕಿನ ಮುಂದೆ ನಿಂತು "ಹಲೋ" ಎಂದ. ಮಕ್ಕಳು ಎಂದಿನಂತೆ "ಒಂದು, ಎರಡು, ಮೂರು" ಎಂದು ಕೂಗಿ ನಕ್ಕರು. ಅವನು ಕೆಳಗಿಳಿಯಲಿಲ್ಲ.

"ಹುಡುಗ ಏನೂ ಹೇಳ್ಲಿಲ್ಲ. ಎತ್ತಿದೋನು ನಾನು, ನನಗೆ ಗೊತ್ತು. ಮಳೆ ಇರಲಿಲ್ಲ. ನಾನು ಫೋನಲ್ಲಿ ಮಾತಾಡ್ತಾ ಇದ್ದೆ. ಆ ತಾಯಿ ನನ್ನನ್ನ ಕ್ಷಮಿಸಿಲ್ಲ. ಇನ್ನು ಅವರನ್ನ ಇಲ್ಲಿಗೆ ಕರೀಬೇಡಿ."

ಪಾಸ್ಟರ್ ದಡಬಡಿಸಿ ಎದ್ದು ಬಂದರು. ಪಳಗಿದವರು, ಮುಖ ಬಿಳಿಚಿಕೊಂಡಿದ್ದರೂ ಮಾತು ತಡವರಿಸಲಿಲ್ಲ. ಅವನ ಹೆಗಲಿಗೆ ಕೈಹಾಕಿ ಮೈಕಿಗೆ ಬಾಗಿ, "ನೋಡಿದಿರಾ ಪ್ರಿಯರೇ, ಎಂಥಾ ದೀನತೆ! ಕ್ಷಮೆ ಸಿಕ್ಕಿದ ಮೇಲೂ ತಾನು ಅದಕ್ಕೆ ಯೋಗ್ಯನಲ್ಲ ಅಂತಾನೆ" ಎಂದರು. ಅಲ್ಲಲ್ಲಿ ಆಮೆನ್ ಕೇಳಿಸಿತು. ಹಲೋ ಮಾವನಿಗೆ ಅಳು ಬಂತು. ಮಾತು ಬಾಯಿಂದ ಹೊರಬಿದ್ದ ಗಳಿಗೆಯಲ್ಲೇ ಅದು ಇನ್ನೊಂದು ಕಥೆಯಾಗಿ ಹೋಗಿತ್ತು.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಕರಕರ ಸರಿಯಿತು. ಅವಳು ಎದ್ದು ನಿಂತಿದ್ದಳು.

"ದೀನತೆ ಅಲ್ಲ. ನಿಜ ಹೇಳ್ತಿದ್ದಾನೆ" ಎಂದಳು. ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳಿಸಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಆಮೆನ್ ಎನ್ನಲಿಲ್ಲ. ಅವಳು ಹೊರಗೆ ನಡೆದಳು. ದಾರಿ ಬಿಡಲು ಮೊಣಕಾಲು ಸರಿಸಿದ ಹೆಂಗಸರಲ್ಲಿ ಒಬ್ಬಳೂ ಅವಳ ಮುಖ ನೋಡಲಿಲ್ಲ.

ಸಂಜೆಯೊಳಗೆ ಕೋಣೆ ಖಾಲಿ ಮಾಡಲು ಹೇಳಿದರು. ಅವನಿಗೆ ಹೊತ್ತೊಯ್ಯಲು ಹೆಚ್ಚೇನೂ ಇರಲಿಲ್ಲ. ಒಂದು ಫ್ಯಾನ್ ರಿಪೇರಿ ಅಂಗಡಿಯಲ್ಲಿ ತಂತಿ ಸುತ್ತುವ ಕೆಲಸ ಸಿಕ್ಕಿತು, ರಾತ್ರಿ ಅಲ್ಲೇ ಮಲಗುತ್ತಿದ್ದ. ಅವಳ ಹತ್ತಿರ ಹೊಲಿಸುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ಬೇರೆ ಕಡೆ ಹೋದರಂತೆ. ಪಾಸ್ಟರ್ ಈ ಊರಿನಲ್ಲಿ ಆ ಕಥೆ ನಿಲ್ಲಿಸಿದರು. ಹೊರಗಿನ ಸಭೆಗಳಲ್ಲಿ ಹೇಳುತ್ತಾರೆ ಎಂದು ಸುದ್ದಿ. ಅಲ್ಲಿ ಮಳೆ ಇನ್ನೂ ಜೋರಾಗಿದೆಯಂತೆ.

ಒಂದು ಬೆಳಿಗ್ಗೆ, ರಿಪೇರಿಯಾದ ಫ್ಯಾನೊಂದನ್ನು ಗಿರಾಕಿಗೆ ತಲುಪಿಸಲು ಹೋಗುವಾಗ ಅವನು ಅವಳ ಬೀದಿಯಲ್ಲೇ ಹಾದುಹೋಗಬೇಕಾಯಿತು. ಅವಳು ಕಿಟಕಿಯ ಪಕ್ಕ ಕೂತು ಯಂತ್ರ ತುಳಿಯುತ್ತಿದ್ದಳು. ತಲೆಯೆತ್ತಿ ಅವನನ್ನು ನೋಡಿದಳು. ಕಾಲು ನಿಲ್ಲಿಸಿದಳು. ಬೀದಿಯಲ್ಲಿ ನಾಲ್ಕಾರು ಜನರಿದ್ದರು, ಅವರೂ ನೋಡುತ್ತಿದ್ದರು. ಅವಳು ನಗಲಿಲ್ಲ. ಎದ್ದು, ಅವನ ಮುಖದೆದುರಿಗೇ, ಕಿಟಕಿಯ ಎರಡೂ ಬಾಗಿಲುಗಳನ್ನು ಎಳೆದು ದಢಾರನೆ ಮುಚ್ಚಿದಳು. ಒಳಗೆ ಚಿಲಕ ಬಿದ್ದ ಸದ್ದು ಅವನಿಗೆ ಕೇಳಿಸಿತು. ಅವನು ಫ್ಯಾನನ್ನು ಕೆಳಗಿಟ್ಟು, ತಲೆ ತಗ್ಗಿಸಿ, ಮುಚ್ಚಿದ ಕಿಟಕಿಗೆ ಕೈಮುಗಿದು, ಅದನ್ನು ಮತ್ತೆ ಹೆಗಲಿಗೇರಿಸಿಕೊಂಡು ಮುಂದೆ ನಡೆದ.